ಸೋಮವಾರದ ಹಸಿಬಿ

ನನ್ನ ಎಡ ಭುಜದ ಹಿಂದೆ ಅಂಗೈಯಗಲದ ಒಂದು ಸುಟ್ಟ ಕಲೆ ಇದೆ. ಅದು ಹೇಗಾಯಿತು ಅನ್ನೋದನ್ನು ನಾನು ಎಷ್ಟೋ ಊರ ಕಟ್ಟೆಯ ಮೇಲೆ ಕುಳಿತು ಹೇಳಿದ್ದೇನೆ. ಕೇಳಿದವರು ನಕ್ಕಿದ್ದಾರೆ, ನಾನೂ ನಕ್ಕಿದ್ದೇನೆ. ಆದರೆ ಪ್ರತಿ ಸಲವೂ ಕಥೆಯನ್ನು ಒಂದೇ ಜಾಗದಲ್ಲಿ ನಿಲ್ಲಿಸಿಬಿಟ್ಟಿದ್ದೇನೆ. ಈಗ ಬರೆಯಲಿಕ್ಕೆ ಕುಳಿತದ್ದು ಅದರ ಮುಂದಿನದಕ್ಕಾಗಿ.

ಮೂರನೇ ಇಯತ್ತೆ ಮುಗಿಯುವ ಮೊದಲೇ ನಾನು ಸಾಲಿ ಬಿಟ್ಟೆ. ಅಪ್ಪ ಬೈಲಹೊಂಗಲದಿಂದ ಹತ್ತಿ ಹೇರಿಕೊಂಡು ಹೋಗುವ ಗಾಡಿಯವ. ಅವನು ಹಾಸಿಗೆ ಹಿಡಿದ ಮೇಲೆ ಎತ್ತುಗಳ ಹಗ್ಗ ನನ್ನ ಕೈಗೆ ಬಂತು. ಅದಕ್ಕೆ ನಾನು ಯಾರನ್ನೂ ದೂರಿದವನಲ್ಲ. ಹನ್ನೊಂದು ವರ್ಷದವನಿದ್ದಾಗಲೇ ಒಬ್ಬನೇ ಗಾಡಿ ಹೂಡಿಕೊಂಡು ಕಿತ್ತೂರಿಗೆ ಹೋಗಿ ಬಂದವನು ನಾನು. ಅಕ್ಷರ ಕಲಿತವರ ಮುಂದೆ ತಲೆ ತಗ್ಗಿಸಬಾರದು ಅನ್ನೋ ಹಟ ಆಗಲೇ ಹುಟ್ಟಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಲಿಕ್ಕೆ ನನ್ನ ನಾಲಿಗೆ ಹೊರಳುತ್ತಿರಲಿಲ್ಲ. ಯಾರು ಏನು ಹೇಳಿದರೂ ‘ಗೊತ್ತೈತ್ರಿ’ ಅಂದುಬಿಡುತ್ತಿದ್ದೆ.

ವಾಂತಿಭೇದಿಯ ವರ್ಷಗಳಲ್ಲಿ ಬೈಲಹೊಂಗಲದ ದವಾಖಾನೆಯವರಿಗೆ ಗಾಡಿ ಇದ್ದ, ಹಾದಿ ಗೊತ್ತಿದ್ದ ಒಬ್ಬ ಮನುಷ್ಯ ಬೇಕಾಗಿದ್ದ. ಬಾವಿಗೆ ಔಷಧ ಹಾಕುವ ಕೆಲಸ. ಔಷಧದ ಹೆಸರು ಪರಮಾಂಗನೇಟು. ಕಪ್ಪು ಎಳ್ಳಿಗಿಂತ ಸಣ್ಣ ಹರಳು, ಬೆಳಕಿಗೆ ಹಿಡಿದರೆ ಹೊಳೆಯುತ್ತಿತ್ತು. ಒಂದು ಚಿಟಿಕೆ ನೀರಿಗೆ ಬಿದ್ದರೆ ನೀರೆಲ್ಲ ನೇರಳೆಹಣ್ಣಿನ ಬಣ್ಣ. ಬಕೆಟಿನಲ್ಲಿ ಹರಳು ಹಾಕಿ, ಬಾವಿಯ ನೀರು ಸುರಿದು ಕಲಕಿ, ಕರಗಿದಷ್ಟನ್ನು ಮಾತ್ರ ಬಾವಿಗೆ ಬಿಡಬೇಕು. ತಳದಲ್ಲಿ ಉಳಿದದ್ದಕ್ಕೆ ಮತ್ತೆ ನೀರು ಹಾಕಿ ಕಲಕಬೇಕು. ಬಾವಿಯ ನೀರು ತೆಳು ಗುಲಾಬಿ ಆಗುವತನಕ ಹೀಗೇ. ಸಂಜೆ ಹಾಕಿದರೆ ಬೆಳಗಿನ ಹೊತ್ತಿಗೆ ಬಣ್ಣ ಇಳಿದಿರುತ್ತದೆ, ಆಮೇಲೆ ಊರು ಕುಡಿಯಬಹುದು.

ನೇಸರಗಿಯ ಕಡೆ, ಸವದತ್ತಿಯ ಕಡೆ, ಒಮ್ಮೊಮ್ಮೆ ರಾಮದುರ್ಗ ಸಂಸ್ಥಾನದ ಗಡಿಯವರೆಗೂ ಹೋಗುತ್ತಿದ್ದೆ. ಎರಡು ತಿಂಗಳಲ್ಲಿ ನನ್ನ ಕೈ ಎರಡೂ ಕಂದು ಬಣ್ಣಕ್ಕೆ ತಿರುಗಿದವು. ತೊಳೆದರೆ ಹೋಗುವ ಬಣ್ಣವಲ್ಲ ಅದು. ಚರ್ಮ ಒಣಗಿ ಅಂಗೈ ಗೆರೆ ಗೆರೆಯಾಗಿ ಒಡೆಯಿತು. ಊರುಗಳಲ್ಲಿ ಜನ ಮೊದಲು ಆ ಕೈ ನೋಡುತ್ತಿದ್ದರು, ಆಮೇಲೆ ಮುಖ. ಜಡ್ಡಿನ ಮನೆಗಳ ಸುತ್ತ ತಿರುಗುವವ ಅಂತ ಯಾರೂ ಪಡಸಾಲೆಗೆ ಕರೆಯುತ್ತಿರಲಿಲ್ಲ. ರೊಟ್ಟಿ ಕೊಟ್ಟರೆ ಕಟ್ಟೆಯ ತುದಿಗಿಟ್ಟು ಹಿಂದೆ ಸರಿಯುತ್ತಿದ್ದರು. ಅಪ್ಪ ಮೊದಲೇ ಹೋಗಿದ್ದ, ಅವ್ವ ತೀರಿಹೋಗಿ ಆಗ ಒಂದು ವರ್ಷ. ಮನೆಗೆ ಬಂದರೆ ಅಲ್ಲಿಯೂ ಮಾತಾಡುವವರಿಲ್ಲ. ಎತ್ತುಗಳಿಗೆ ಮೇವು ಹಾಕಿ, ನಾನೇ ರೊಟ್ಟಿ ಬಡಿದುಕೊಂಡು, ಕಂದು ಕೈಯಲ್ಲಿ ಮುರಿದು ತಿನ್ನುತ್ತಿದ್ದೆ.

ನನ್ನ ಕೈ ನೋಡಿ ಹಿಂದೆ ಸರಿಯದವ ಅಂದರೆ ಒಬ್ಬನೇ. ಮುರಗೋಡ ದಾಟಿ ಸವದತ್ತಿಯ ದಿಕ್ಕಿಗೆ ಅರ್ಧ ಹರದಾರಿ ನಡೆದರೆ ಒಂದು ಹಳ್ಳಿ. ಆ ಊರಿನ ತಳವಾರ, ಊರ ಕಾವಲಿನವ. ನನಗಿಂತ ಇಪ್ಪತ್ತು ವರ್ಷ ದೊಡ್ಡವ, ತೆಳ್ಳಗೆ ಎತ್ತರ, ದೊಡ್ಡ ಮೀಸೆ. ನನ್ನ ಗಾಡಿ ಊರ ಅಗಸಿ ಬಾಗಿಲ ಹತ್ತಿರ ಬಂದರೆ ಸಾಕು, ಕೂಗುತ್ತಿದ್ದ.

“ಏ ಬಣ್ಣಗಾರ, ಇವತ್ತ ಯಾರ ಸೀರಿ ಅದ್ದಾಕ ಬಂದಿ?”

“ನಿನ್ನ ಮೀಸಿ ಅದ್ದತೇನಿ ಬಾ.”

“ಅದ್ದು ಮಾರಾಯ. ಬೆಳ್ಳಗಾಗಾಕತ್ತೇತಿ. ಮುದುಕಿ ಬೈತಾಳ.”

ಹಾಗಂದು ಸೊಂಟದ ಚಂಚಿ ಬಿಚ್ಚಿ, ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕಿ, ನನ್ನ ಅಂಗೈ ಹಿಡಿದು ಅದರೊಳಗೆ ಒತ್ತುತ್ತಿದ್ದ. ಮೇಲಿನಿಂದ ಉದುರಿಸುತ್ತಿರಲಿಲ್ಲ. ಕೈಗೆ ಕೈ ಮುಟ್ಟಿಸಿ ಕೊಡುತ್ತಿದ್ದ. ಇಡೀ ತಾಲೂಕಿನಲ್ಲಿ ಹಾಗೆ ಕೊಡುವವ ಅವನೊಬ್ಬ. ಆ ಊರಿಗೆ ಹೋಗುವ ದಿನ ನಾನು ಹಾದಿಯುದ್ದಕ್ಕೂ ಅವನಿಗೆ ಏನು ತಿರುಗಿ ಹೇಳಬೇಕು ಅಂತ ಯೋಚಿಸುತ್ತಲೇ ಹೋಗುತ್ತಿದ್ದೆ.

ಆ ಊರಿನ ಮೇಲಿನ ಓಣಿಗೆ ಒಂದೇ ಬಾವಿ. ಅದು ಗೌಡಶಾನಿಯ ಮನೆಯದು. ಗೌಡ ತೀರಿದ ಮೇಲೆ ಹೊಲ ಮನೆ ಎಲ್ಲ ಅವಳದೇ ನೋಟ. ಓಣಿಯವರೆಲ್ಲ ಆ ಬಾವಿಯದೇ ನೀರು ಕುಡಿಯುತ್ತಿದ್ದರು. ಅವಳ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು, ದಿನ ತುಂಬಿದ್ದವು. ಓಣಿಯಲ್ಲಿ ಆಗಲೇ ಎರಡು ಮನೆಯಲ್ಲಿ ಸಾವಾಗಿತ್ತು. ಶನಿವಾರ ನಾನು ಹೋದಾಗ ಕೆಳಗಿನ ಎರಡು ಬಾವಿಗೆ ಔಷಧ ಹಾಕಿದೆ. ಗೌಡಶಾನಿ ಮಾತ್ರ ತನ್ನ ಬಾವಿಯ ಹತ್ತಿರ ಬಿಡಲಿಲ್ಲ.

“ನೀರಿಗೆ ಬಣ್ಣ ಹಾಕಿದ್ರ ಜಡ್ಡು ಹೋಗತೈತಿ ಅಂದ್ರ, ಹೋಳಿ ಹುಣ್ಣಿವಿ ಆಡಿದವ್ರೆಲ್ಲಾ ನೂರು ವರ್ಷ ಬದುಕಬೇಕಿತ್ತು,” ಅಂದಳು.

ತಳವಾರ ದೂರದಿಂದಲೇ ಬಾಯಿ ಹಾಕಿದ. “ಹಂಗಲ್ರಿ ಅವ್ವಾರ. ಕೆಳಗಿನ ಓಣ್ಯಾಗ ಹೋದ ಸಲ ಹಾಕ್ಯಾನ್ರಿ. ಅಲ್ಲಿ ಜಡ್ಡಿಲೆ ಒಬ್ಬರೂ ಮಲಗಿಲ್ಲ. ನಾನ ತಿರಗ್ಯಾಡಿ ನೋಡೇನಿ.”

ಒಳಗೆ ಮಗಳು ಕೆಮ್ಮಿದ್ದು ಕೇಳಿಸಿತು. ನಾನು ಗಾಡಿ ಹೂಡುವಾಗ ಗೌಡಶಾನಿ ಹೊಸ್ತಿಲಿಗೆ ಬಂದು ಹೇಳಿದಳು.

“ಸೋಮವಾರ ಸಂಜಿಕ ಗಂಗವ್ವನ ಪೂಜಿ ಮಾಡಿ ಬಾವಿ ಬಿಟ್ಟುಕೊಡತೇನಿ. ಮಧ್ಯಾಹ್ನದಿಂದ ಯಾರೂ ಸೇದಬಾರದು ಅಂತ ಓಣಿಗೆ ಹೇಳತೇನಿ. ದೀಪ ಹಚ್ಚೂದರೊಳಗ ಬಂದ್ರ ಬಾ. ಬರದಿದ್ರ ಮತ್ತ ಈ ಕಡೆ ಬರಬ್ಯಾಡ. ಮಗಳ ದಿನಾ ತುಂಬ್ಯಾವ. ನಿನ್ನ ದಾರಿ ಕಾಯಾಕ ನನಗ ಹೊತ್ತಿಲ್ಲ.”

“ದೀಪ ಹಚ್ಚೂದರೊಳಗ ಬರತೇನ್ರಿ,” ಅಂದೆ.

ತಂದ ಔಷಧ ಆವತ್ತೇ ಮುಗಿದಿತ್ತು. ಭಾನುವಾರ ದವಾಖಾನೆ ತೆರೆಯುವುದಿಲ್ಲ. ಸೋಮವಾರ ಮುಂಜಾನೆ ಔಷಧ ತೆಗೆದುಕೊಂಡು ಹೊರಟರೆ ಸಂಜೆಯೊಳಗೆ ಆರಾಮಾಗಿ ತಲುಪಬಹುದು. ಅಷ್ಟು ಲೆಕ್ಕ ಹಾಕಿದವನು ಒಂದನ್ನು ಮರೆತಿದ್ದೆ. ನಮ್ಮ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಬೇರೆಯವರ ಗಾಡಿಯೂ ಸಿಗುವುದಿಲ್ಲ, ಅವರ ಎತ್ತೂ ಎತ್ತೇ. ಬೇರೆ ದಿನ ಬರುತ್ತೇನೆ ಅಂತ ಹೇಳಿಕಳಿಸಬಹುದಿತ್ತು. ಆದರೆ ಬರುತ್ತೇನೆ ಅಂತ ಹೇಳಿದ್ದೇನೆ, ನಡೆದಾದರೂ ಹೋಗುತ್ತೇನೆ ಅಂದುಕೊಂಡೆ. ಐದು ಹರದಾರಿ ನನಗೇನು ಹೆಚ್ಚಲ್ಲ.

ಸೋಮವಾರ ಬೆಳಗ್ಗೆ ದವಾಖಾನೆಯ ಕಂಪೌಂಡರರು ಔಷಧದ ಬಾಟಲಿ ಕೊಟ್ಟರು. ದಪ್ಪ ಗಾಜಿನ, ಬಿರಡೆ ಬಿಗಿದ ಬಾಟಲಿ. ಮೇಲೆ ಇಂಗ್ರೇಜಿಯಲ್ಲಿ ಏನೇನೋ ಬರೆದ ಚೀಟಿ ಇತ್ತು. ಅಂಥ ಚೀಟಿಯನ್ನು ಪ್ರತಿ ಸಲವೂ ಓದಿದವನಂತೆ ನೋಡುತ್ತಿದ್ದೆ. ಅವರು ನನ್ನ ಅಂಗೈ ನೋಡಿ, ಕಪಾಟಿನಿಂದ ಇನ್ನೊಂದು ಸಣ್ಣ ಶೀಶೆ ತೆಗೆದರು. ಅದರಲ್ಲಿ ಗ್ಲಿಸರಿನ್ನು, ನೀರಿಗಿಂತ ಮಂದ, ಜೇನಿನ ಹಾಗೆ ಹರಿಯುತ್ತಿತ್ತು.

“ಮಲಗೂ ಮುಂದ ಕೈಗೆ ಹಚ್ಚಿಗೋ. ಒಡಕು ಕೂಡತಾವ. ಆದರ ಇದನ್ನ ಆ ಹರಳಿನ ಹತ್ರ ಒಯ್ಯಬ್ಯಾಡ. ಹಚ್ಚಿದ ಕೈಲೆ ಹರಳು ಮುಟ್ಟಬ್ಯಾಡ. ಯಾಕಂದ್ರ...”

“ಗೊತ್ತೈತ್ರಿ,” ಅಂದೆ.

ಅವರು ಯಾಕೆ ಅನ್ನೋದನ್ನು ಹೇಳಲಿಕ್ಕೆ ಬಾಯಿ ತೆರೆದಿದ್ದರು. ಹಿಂದೆ ನಾಲ್ಕು ಮಂದಿ ಸಾಲಲ್ಲಿ ನಿಂತಿದ್ದರು. ಅವರ ಮುಂದೆ ಸಾಲಿ ಮಗುವಿನ ಹಾಗೆ ಪಾಠ ಕೇಳುವುದು ನನಗೆ ಬೇಕಾಗಿರಲಿಲ್ಲ. ಎರಡೂ ಬಾಟಲಿ ಎತ್ತಿಕೊಂಡು ಬಂದುಬಿಟ್ಟೆ.

ಮನೆಗೆ ಬಂದು ನಾನು ಎರಡು ಕೆಲಸ ಮಾಡಿದೆ. ಒಂದು, ಹರಳನ್ನು ಕಲ್ಲಿನ ಮೇಲೆ ಅರೆದೆ. ಹರಳು ಹಾಗೇ ಹಾಕಿದರೆ ಕರಗಲಿಕ್ಕೆ ಹೊತ್ತಾಗುತ್ತದೆ, ಹಿಟ್ಟಿನಷ್ಟು ನುಣ್ಣಗೆ ಮಾಡಿದರೆ ಬೇಗ ಕರಗುತ್ತದೆ ಅಂತ ನಾನೇ ಕಂಡುಹಿಡಿದಿದ್ದೆ. ದವಾಖಾನೆಯವರಿಗೆ ಹೇಳಿರಲಿಲ್ಲ. ಅರೆಯುವಾಗ ಧೂಳೆದ್ದು ಮೂಗು ಗಂಟಲು ಉರಿಯುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಆದರೂ ಅದು ನನ್ನ ಸ್ವಂತ ಬುದ್ಧಿ ಅಂತ ಹೆಮ್ಮೆ. ಎರಡು, ನಡೆಯುವವನಿಗೆ ಗಾಜಿನ ಬಾಟಲಿ ಭಾರ ಅಂತ ಆ ಪುಡಿಯನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ, ಮೇಲೆ ಅರಿವೆ ಸುತ್ತಿದೆ.

ಗಾಡಿಯಲ್ಲಾದರೆ ಒಂದೊಂದು ಸಾಮಾನಿಗೆ ಒಂದೊಂದು ಜಾಗ ಇತ್ತು. ಔಷಧದ ಪೆಟ್ಟಿಗೆ ಮುಂದೆ, ಕೀಲೆಣ್ಣೆಯ ಬಿದಿರಿನ ಗೊಟ್ಟ ಹಿಂದೆ ಅಚ್ಚಿನ ಕೆಳಗೆ. ನಡೆದು ಹೋಗುವವನಿಗೆ ಇರುವುದು ಹಸಿಬಿ ಒಂದೇ. ಹೆಗಲ ಮೇಲೆ ಹಾಕಿದರೆ ಎದೆಯ ಮೇಲೊಂದು ಚೀಲ, ಬೆನ್ನ ಮೇಲೊಂದು ಚೀಲ ಜೋತುಬೀಳುತ್ತದಲ್ಲ, ಅದು. ಅವ್ವ ಇದ್ದಾಗಿನ ಕಟ್ಟುನಿಟ್ಟು ಒಂದಿತ್ತು. ಮುಂದಿನ ಚೀಲದಲ್ಲಿ ರೊಟ್ಟಿ. ಅದರೊಳಗೆ ಚಪ್ಪಲಿ, ಔಷಧ, ಎಣ್ಣೆ ಏನೂ ಬೀಳಬಾರದು. ಉಣ್ಣುವ ಪದಾರ್ಥದ ಜೊತೆ ಜಡ್ಡಿನ ಪದಾರ್ಥ ಇಟ್ಟರೆ ಅವಳು ಆ ರೊಟ್ಟಿಯನ್ನು ಎಮ್ಮೆಗೆ ಹಾಕಿಬಿಡುತ್ತಿದ್ದಳು. ಹಾಗಾಗಿ ರೊಟ್ಟಿ, ಉಳ್ಳಾಗಡ್ಡಿ, ಶೇಂಗಾದ ಹಿಂಡಿ ಮುಂದೆ ಹೋದವು. ಪುಡಿಯ ಪೊಟ್ಟಣವೂ ಗ್ಲಿಸರಿನ್ನಿನ ಶೀಶೆಯೂ ಎರಡೂ ದವಾಖಾನೆಯವು, ಎರಡೂ ಔಷಧ. ಹಿಂದಿನ ಚೀಲಕ್ಕೆ ಹಾಕಿದೆ. ಕಂಪೌಂಡರರ ಮಾತು ನೆನಪಿಗೆ ಬರಲೇ ಇಲ್ಲ ಅಂದರೆ ಸುಳ್ಳಾದೀತು. ಬಂತು. ಶೀಶೆಗೆ ಬೂಚು ಐತಿ, ಪೊಟ್ಟಣಕ್ಕೆ ಅರಿವಿ ಐತಿ ಅಂದುಕೊಂಡೆ.

ಬಿಸಿಲು ಬಹಳ ಇತ್ತು. ಕಪ್ಪು ಮಣ್ಣಿನ ಎರಿ ಹೊಲಗಳೆಲ್ಲ ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. ಹಾದಿಯಲ್ಲಿ ಒಂದು ಗಾಡಿ ಇಲ್ಲ, ಸೋಮವಾರ. ಮುರಗೋಡದ ಮಠದ ಹತ್ತಿರ ನೀರು ತುಂಬಿಸಿಕೊಂಡೆ. ಊರು ದಾಟಿ ಹಳ್ಳದ ದಂಡೆಯ ಬೇವಿನ ಮರದ ಕೆಳಗೆ ರೊಟ್ಟಿಗೆ ಕುಳಿತೆ. ಹಸಿಬಿಯನ್ನು ಒಂದು ಕಲ್ಲಿನ ಮೇಲೆ ಇಳಿಸಿ, ಅದಕ್ಕೇ ಬೆನ್ನು ಕೊಟ್ಟು ಒರಗಿದೆ. ಹೊತ್ತು ಇನ್ನೂ ಮೇಲಿತ್ತು. ಊರು ಅಲ್ಲೇ ಕಾಣುತ್ತಿತ್ತು. ತಳವಾರನಿಗೆ ಇವತ್ತು ಏನು ಹೇಳಬೇಕು ಅಂತ ಯೋಚಿಸಿದೆ. ಗೌಡಶಾನಿಯ ಸೀರೆ ಅದ್ದಲಿಕ್ಕೆ ಬಂದೆ ಅನ್ನಬೇಕು ಅಂದುಕೊಂಡೆ.

ನನ್ನ ಬೆನ್ನಿನ ಭಾರಕ್ಕೆ ಶೀಶೆಯ ಬೂಚು ಆಗಲೇ ಸಡಿಲಾಗಿತ್ತು. ನನಗೆ ತಿಳಿಯಲಿಲ್ಲ. ಹಸಿಬಿ ಹೆಗಲಿಗೇರಿಸಿ ನಡೆದೆ. ನೂರು ಹೆಜ್ಜೆ ಹೋಗಿದ್ದೆನೋ ಇಲ್ಲವೋ, ಬೆನ್ನು ಬಿಸಿಯಾಯಿತು. ಬಿಸಿಲು ಅಂದುಕೊಂಡೆ. ಆಮೇಲೆ ಬೆಲ್ಲ ಸೀದಂಥ ವಾಸನೆ. ಹೊರಳಿ ನೋಡಿದರೆ ನನ್ನ ಹಿಂದೆ ಬಿಳಿ ಹೊಗೆ. ಹಸಿಬಿ ಕಿತ್ತು ಎಸೆಯುವಷ್ಟರಲ್ಲಿ ಅದು ಬುಸ್ ಅಂತ ಹೊತ್ತಿಕೊಂಡಿತು. ಒಲೆಯ ಬೆಂಕಿಯ ಬಣ್ಣವಲ್ಲ, ಬದನೆ ಹೂವಿನ ಬಣ್ಣ. ಕಡ್ಡಿ ಗೀರಿದವರಿಲ್ಲ, ಕಿಡಿ ತಾಗಿಸಿದವರಿಲ್ಲ. ನಡೆಯುವ ಮನುಷ್ಯನ ಬೆನ್ನ ಮೇಲೆ ತಾನೇ ಹತ್ತಿಕೊಂಡ ಬೆಂಕಿ.

ಎರಡೂ ಕೈಯಿಂದ ಮಣ್ಣು ಗೋರಿ ಮುಚ್ಚಿದೆ. ಬಣವೆಗೆ ಬೆಂಕಿ ಬಿದ್ದರೆ ಹಾಗೆ ಮಾಡುತ್ತೇವೆ, ಗಾಳಿ ಸಿಗದೆ ಆರುತ್ತದೆ. ಇದು ಮಣ್ಣಿನ ಕೆಳಗೂ ಉರಿಯಿತು. ಅದರ ಗಾಳಿ ಅದರ ಹೊಟ್ಟೆಯಲ್ಲೇ ಇದ್ದ ಹಾಗೆ. ಕೊನೆಗೆ ತಂಬಿಗೆಯ ನೀರಷ್ಟೂ ಸುರಿದ ಮೇಲೆ ಚರ್ ಅಂತ ಆರಿತು. ಆಗ ಭುಜ ಉರಿಯುತ್ತಿರುವುದು ಗೊತ್ತಾಯಿತು. ಅಂಗಿ ಸುಟ್ಟು ಚರ್ಮಕ್ಕೆ ಹತ್ತಿಕೊಂಡಿತ್ತು.

ಕೆದರಿ ನೋಡಿದೆ. ಬಾವಿಗೆ ಸಾಲುವಷ್ಟು ಪುಡಿಯಲ್ಲಿ ಉಳಿದದ್ದು ಪೊಟ್ಟಣದ ಒಂದು ಮೂಲೆಯಲ್ಲಿ ನೀರು ಬೆಂಕಿ ಎರಡೂ ತಾಗದ ಅರ್ಧ ಚಮಚ. ಮುಂದಿನ ಚೀಲದ ರೊಟ್ಟಿಗೆ ಏನೂ ಆಗಿರಲಿಲ್ಲ.

ಇಲ್ಲಿಯವರೆಗಿನದನ್ನು ನಾನು ಕಟ್ಟೆಗಳ ಮೇಲೆ ಹೇಳುತ್ತೇನೆ. ರೊಟ್ಟಿಗೆ ಏನೂ ಆಗಲಿಲ್ಲ ಅಂದ ಕೂಡಲೇ ಜನ ನಗುತ್ತಾರೆ. ಅಲ್ಲಿಗೆ ಎದ್ದುಬಿಡುತ್ತೇನೆ.

ಹಿಂದೆ ತಿರುಗಿ ಬೈಲಹೊಂಗಲಕ್ಕೆ ಹೋಗುವಂತಿರಲಿಲ್ಲ. ಊರಿಗೇ ನಡೆದೆ. ಹಾದಿಯಲ್ಲಿ ಒಂದು ಸುಳ್ಳು ಕಟ್ಟಿದೆ. ದವಾಖಾನೆಯವರು ಔಷಧ ಕೊಡಲಿಲ್ಲ, ಮುಗಿದೈತಿ ಅಂದರು, ಹೇಳಿ ಹೋಗಲಿಕ್ಕೆ ಅಂತ ಬಂದೆ. ಒಳ್ಳೆಯ ಸುಳ್ಳು. ಆದರೆ ಬೆನ್ನು ಆ ಸುಳ್ಳಿಗೆ ಒಪ್ಪುತ್ತಿರಲಿಲ್ಲ.

ಮೇಲಿನ ಓಣಿಗೆ ಬಂದಾಗ ಹೊತ್ತು ಮುಳುಗಲಿಕ್ಕೆ ಇನ್ನೂ ಸ್ವಲ್ಪ ಇತ್ತು. ಬಾವಿಯ ಕಟ್ಟೆಗೆ ಅರಿಷಿಣ ಕುಂಕುಮ ಹಚ್ಚಿ ಪೂಜೆ ಮಾಡಿದ್ದರು. ಹೆಂಗಸರು ಖಾಲಿ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಧ್ಯಾಹ್ನಕ್ಕೆ ಮುಂಚೆ ತುಂಬಿಟ್ಟುಕೊಂಡ ನೀರು ಎಷ್ಟೋ ಮನೆಯಲ್ಲಿ ಮುಗಿದಿತ್ತು. ಬಾವಿಯ ಕಟ್ಟೆಯಿಂದ ಎಂಟು ಮಾರು ಆಚೆ, ಹುಣಸೆ ಮರದ ಅರೆನೆರಳಿನಲ್ಲಿ ತಳವಾರ ಕುಳಿತಿದ್ದ. ಯಾರೂ ಸೇದದ ಹಾಗೆ ನೋಡಿಕೋ ಅಂತ ಗೌಡಶಾನಿ ಅವನಿಗೆ ಹೇಳಿದ್ದಳು. ನಡು ಮಧ್ಯಾಹ್ನದಿಂದ ಅಲ್ಲೇ ಇದ್ದ. ಅವನ ಜಾತಿಯವರು ಆ ಬಾವಿಯ ಕಟ್ಟೆ ಏರುವಂತಿರಲಿಲ್ಲ. ಯಾರಾದರೂ ಸೇದಿ ಬೊಗಸೆಗೆ ಸುರಿದರೆ ಕುಡಿಯಬೇಕು. ಆವತ್ತು ಸೇದುವವರೇ ಇರಲಿಲ್ಲ. ಅವನ ತುಟಿ ಬಿಳಚಿದ್ದವು. ನನ್ನ ಕಂಡು ಎದ್ದ. ಕೂಗಲಿಲ್ಲ.

“ಹಸಿಬಿ ಎಲ್ಲೋ?” ಅಂದ ಮೆತ್ತಗೆ.

ಅವನಿಗೆ ಉತ್ತರ ಕೊಡುವ ಮೊದಲೇ ಗೌಡಶಾನಿ ಹೊರಗೆ ಬಂದಳು.

“ಸುಟ್ಟ ವಾಸನಿ ಬರಾಕತ್ತೈತಲ್ಲ. ಏನಾಗೇತಿ ನಿನಗ?”

ಕಟ್ಟಿದ ಸುಳ್ಳು ಬಾಯಿಗೆ ಬರಲಿಲ್ಲ. ನನ್ನ ತಪ್ಪಿನಿಂದ ಔಷಧ ಸುಟ್ಟುಹೋಯಿತು, ಒಯ್ಯಬಾರದ್ದರ ಜೊತೆ ಒಯ್ದೆ, ನಾಳೆ ಸಂಜೆ ಗಾಡಿ ಹೂಡಿಕೊಂಡು ತಂದು ಹಾಕುತ್ತೇನೆ ಅಂದೆ. ಅವಳು ನನ್ನ ಸುತ್ತ ಒಂದು ಸುತ್ತು ಬಂದು ಭುಜ ನೋಡಿದಳು.

“ನಿನ್ನ ಬೆನ್ನು ಸುಟ್ಟದ್ದನ್ನ ನನ್ನ ಮಗಳ ಹೊಟ್ಟಿಗೆ ಹಾಕಾಕ ಬರಾಕತ್ತಿದ್ದಿ?”

ಓಣಿಯ ಹೆಂಗಸರೆಲ್ಲ ಹತ್ತಿರ ಬಂದರು. ಒಬ್ಬಳು, “ಅದಕ್ಕ ಇವನ ಕೈ ಹಂಗಾಗಿದ್ದು. ಒಳಗೂ ಹಂಗ ಆಗಿರತೈತಿ,” ಅಂದಳು. ಇನ್ನೊಬ್ಬಳು ನಕ್ಕಳು.

ಹಾಗೇ ಹೊರಟುಬಿಟ್ಟರೆ ಆ ಬಾವಿ ಇನ್ನು ಯಾವತ್ತೂ ನನಗೆ ಸಿಗುವುದಿಲ್ಲ ಅಂತ ಗೊತ್ತಿತ್ತು. ಒಂದು ಕೊಡ ನೀರು ಸೇದಿ ತರಿಸಿರಿ ಅಂದೆ. ಗೌಡಶಾನಿ ಆಳಿನ ಹೆಂಡತಿಗೆ ಸನ್ನೆ ಮಾಡಿದಳು. ತಾಮ್ರದ ಕೊಡ ತುಂಬಿ ಹೊಸ್ತಿಲ ಮುಂದೆ ಇಟ್ಟರು. ಉಳಿದಿದ್ದ ಪುಡಿಯಲ್ಲಿ ಉಗುರಿನ ತುದಿಯಷ್ಟು ತೆಗೆದು ಒಂದು ಬಟ್ಟಲ ನೀರಲ್ಲಿ ಕರಗಿಸಿ, ಅದರಿಂದ ಸ್ವಲ್ಪ ಸ್ವಲ್ಪವೇ ಕೊಡಕ್ಕೆ ಬಿಟ್ಟೆ. ನೀರು ತೆಳು ಗುಲಾಬಿ ಆಯಿತು, ಎಳೆ ಮಗುವಿನ ಅಂಗಾಲಿನಷ್ಟೇ.

“ಒಣಗಿದ್ದಾಗ, ಎಣ್ಣಿ ಬೆಲ್ಲ ಇಂಥಾವು ಕೂಡಿದಾಗ ಇದು ಬೆಂಕಿ ಅವ್ವಾರ. ನೀರಿನ್ಯಾಗ ಇಷ್ಟ ಇದ್ರ ಇದು ಔಷಧ. ತಪ್ಪು ನಂದು. ಇದರದ್ದಲ್ಲ.” ಅಷ್ಟು ಹೊತ್ತಿಗೆ ನನಗೇ ಅದು ಪೂರ್ತಿ ತಿಳಿದಿರಲಿಲ್ಲ. ಬೆನ್ನು ಕಲಿಸಿದ್ದನ್ನು ಹೇಳಿದೆ. “ಬಣ್ಣ ಇಳಿಯೂತನಕ ಬಿಡ್ರಿ. ಮೊದಲ ನಾ ಕುಡಿತೇನಿ.”

ಎಲ್ಲರೂ ನಿಂತು ಆ ಕೊಡವನ್ನೇ ನೋಡಿದೆವು. ನನ್ನ ಇಡೀ ಮಾನ ಆ ಕೊಡದಲ್ಲಿತ್ತು. ಅದನ್ನು ಬಿಟ್ಟು ಬೇರೆ ಏನೂ ನನ್ನ ತಲೆಗೆ ಬರಲಿಲ್ಲ. ಬಾವಿಗೆ ಇವತ್ತು ಔಷಧ ಇಲ್ಲ ಅಂತ ಎಲ್ಲರಿಗೂ ತಿಳಿದುಹೋಗಿತ್ತು. ಹಿಂದೆ ರಾಟಿ ಗಿರಗಿರ ತಿರುಗಿದ ಸಪ್ಪಳ ಕೇಳಿಸಿತು. ಹೆಂಗಸರು ಸೇದಲಿಕ್ಕೆ ಹತ್ತಿದ್ದರು. ಹೊರಳಿ ನೋಡಿದೆ. ಮೊದಲ ಕೊಡ ಸೇದಿದವಳು ಅದನ್ನು ಎತ್ತಿಕೊಂಡು ಹುಣಸೆ ಮರದ ಕಡೆ ಹೋಗಿ, ಮೇಲಿನಿಂದ ತಳವಾರನ ಬೊಗಸೆಗೆ ಸುರಿಯುತ್ತಿದ್ದಳು. ಅವನು ಬಗ್ಗಿ ಕುಡಿದ. ಮತ್ತೆ ಬೊಗಸೆ ಒಡ್ಡಿದ. ಮೂರನೇ ಸಲವೂ ಒಡ್ಡಿದ. ಕುಡಿದು ಮೀಸೆ ಒರೆಸಿಕೊಂಡು ನನ್ನ ಕಡೆ ನೋಡಿ ನಕ್ಕ.

“ಬಣ್ಣಗಾರ, ನಿನ್ನ ಬಣ್ಣ ಸುಟ್ಟ್ರೂ ನೀರು ತಂಪ ಐತಿ ನೋಡು.”

ನಾನೂ ನಕ್ಕೆ. ಮತ್ತೆ ಕೊಡದ ಕಡೆ ಹೊರಳಿದೆ.

ನನ್ನ ಕೈಯಲ್ಲಿ ಇನ್ನೂ ಪುಡಿ ಇತ್ತು. ಒಂದು ಕೊಡಕ್ಕೆ ಬೇಕಾದದ್ದು ಉಗುರಿನ ತುದಿಯಷ್ಟು. ನನ್ನ ಹತ್ತಿರ ಇದ್ದದ್ದು ಅರ್ಧ ಚಮಚ. ಆ ಓಣಿಯ ಎಲ್ಲ ಕೊಡಗಳಿಗೂ ಆವತ್ತು ರಾತ್ರಿಯ ಮಟ್ಟಿಗೆ ಅದು ಸಾಲುತ್ತಿತ್ತು. ಅದು ನನಗೆ ಹೊಳೆದದ್ದು ಮರುದಿನ, ಬೈಲಹೊಂಗಲದ ಹಾದಿಯಲ್ಲಿ.

ಹಾಕಿದ್ದು ತೀರ ಸ್ವಲ್ಪವಾದ್ದರಿಂದ ರಾತ್ರಿ ಊಟದ ಹೊತ್ತಿಗೇ ಬಣ್ಣ ಇಳಿಯಿತು. ಒಂದು ತಂಬಿಗೆ ಕುಡಿದೆ. ಬಾಗಿಲ ಹಿಂದಿನಿಂದ ಮಗಳು, “ಅವ್ವಾ, ನನಗ ಆ ಕೊಡದ್ದ ಕೊಡು. ಬಾಯಿ ಒಣಗೇತಿ,” ಅಂದಳು. ಗೌಡಶಾನಿ ಕೊಡ ಎತ್ತಿ ಒಳಗಿಟ್ಟಳು. ನೀರು ಕುದಿಸಿ ಕೊಡ್ರಿ ಅಂತಲೂ ಹೇಳಿದೆ. “ಮಗಳಿಗೆ ಕುದಿಸತೇನಿ. ನಾಳಿ ಬಾ,” ಅಂದಳು. ಗೆದ್ದೆ ಅನ್ನಿಸಿತು. ಚಾವಡಿಯಲ್ಲಿ ಬೋರಲು ಮಲಗಿದೆ.

ಮಂಗಳವಾರ ಮಧ್ಯಾಹ್ನಕ್ಕೆ ದವಾಖಾನೆ ಮುಟ್ಟಿದೆ. ಅರೆದದ್ದು, ಕಾಗದದಲ್ಲಿ ಕಟ್ಟಿದ್ದು, ಹಸಿಬಿ, ಎಲ್ಲ ಹೇಳಿದೆ. ಕಂಪೌಂಡರರು ಬೈಯಲಿಲ್ಲ. ಅಂಗಳದಲ್ಲಿ ಒಂದು ಹಂಚಿನ ಚೂರು ಇಟ್ಟು, ಅದರ ಮೇಲೆ ಒಂದು ಚಿಟಿಕೆ ಪುಡಿ ಹಾಕಿ, ಎರಡು ಹನಿ ಗ್ಲಿಸರಿನ್ನು ಬಿಟ್ಟು, ನನ್ನ ರಟ್ಟೆ ಹಿಡಿದು ಹಿಂದೆ ಎಳೆದರು. ಏನೂ ಆಗಲಿಲ್ಲ. ನಾನು ಮನಸ್ಸಿನಲ್ಲಿ ಇಪ್ಪತ್ತು ಎಣಿಸಿದೆ. ಹೊಗೆ ಬಂತು, ಆಮೇಲೆ ಅದೇ ಬದನೆ ಹೂವಿನ ಬೆಂಕಿ.

“ಹರಳಿದ್ರ ಇನ್ನೂ ಹೊತ್ತು ತಗೋತಿತ್ತು. ನೀ ಅರದಿ. ಅದಕ್ಕ ದೌಡ ಹತ್ತಿತು. ಇದು ತಾನ ಉರಿಯೂದಲ್ಲ. ಕೂಡಿದ್ದನ್ನ ಉರಸತೈತಿ. ಎಣ್ಣಿ, ಸಕ್ಕರಿ, ಗಂಧಕ, ಹತ್ತಿ, ಕಟ್ಟಿಗಿ ಹೊಟ್ಟು, ಯಾವದೂ ಇದರ ಮಗ್ಗಲಿಗೆ ಇರಬಾರದು. ಗಾಜಿನ್ಯಾಗ ಬಿಗಿದಿಡಬೇಕು. ಚೆಲ್ಲಿದ್ರ ಅರಿವೀಲೆ ಒರಸಿ ಅರಿವಿ ಮೂಲ್ಯಾಗ ಒಗೀಬಾರದು, ಬಹಳ ನೀರು ಹಾಕಿ ತೊಳೀಬೇಕು. ಇದನ್ನ ನಿನ್ನಿ ಹೇಳಾಕ ಹೋಗಿದ್ದೆ.”

“ಗೊತ್ತಿರಲಿಲ್ರಿ,” ಅಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಬಹುಶಃ ಅದೇ ಮೊದಲು.

ಅವರು ಭುಜಕ್ಕೆ ಸುಣ್ಣದ ತಿಳಿ, ಅಗಸೆ ಎಣ್ಣೆ ಕೂಡಿಸಿ ಹಚ್ಚಿದರು. ಹಚ್ಚಿದ ಮೇಲೆ ಒಂದು ಸಲ ನನ್ನ ಭುಜ, ಒಂದು ಸಲ ಹೊಸ ಬಾಟಲಿ ನೋಡಿ, “ಈಗ ನೀನ ಎಣ್ಣಿ,” ಅಂದರು. ಹಾಗಾಗಿ ಬಾಟಲಿಯನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಗಾಡಿಯಲ್ಲಿಟ್ಟು, ನಾನು ಎತ್ತುಗಳ ಮುಂದೆ ಹಗ್ಗ ಹಿಡಿದು ಐದು ಹರದಾರಿ ನಡೆದೆ.

ದೀಪ ಹಚ್ಚುವುದರೊಳಗೆ ಮುಟ್ಟಿದೆ. ಗೌಡಶಾನಿ ಮಾತಿಗೆ ತಪ್ಪಲಿಲ್ಲ, ಬಾವಿ ಬಿಟ್ಟುಕೊಟ್ಟಳು. ಹರಳನ್ನು ಹರಳಾಗಿಯೇ, ಒಣ ಚಮಚದಿಂದ ಅಳೆದು, ಬಕೆಟಿನಲ್ಲಿ ಕರಗಿಸಿ ಹಾಕಿದೆ. ನಾಲ್ಕು ಸಲ ಕಲಕಿದೆ, ನಾಲ್ಕು ಸಲ ಬಿಟ್ಟೆ. ಬಗ್ಗಿ ನೋಡಿದರೆ ಬಾವಿಯ ತಳದಲ್ಲಿ ಸಂಜೆಯ ಆಕಾಶ ಗುಲಾಬಿಯಾಗಿ ಕಾಣುತ್ತಿತ್ತು. ತಳವಾರ ಮರದ ಕೆಳಗೇ ಇದ್ದ. ತಂಬಾಕು ತಿಕ್ಕಿ ಕೈಯಲ್ಲಿ ಒತ್ತಿದ. ಬೆನ್ನು ಹೇಗಿದೆ ಅಂತ ಕೇಳಿದ. ಬುಧವಾರ ಬೆಳಗ್ಗೆ ಬಣ್ಣ ಇಳಿದದ್ದನ್ನು ನೋಡಿ ನಾನು ಚಚಡಿ ಅನ್ನೋ ಊರಿನ ಕಡೆ ಹೊರಟೆ.

ಎಂಟು ದಿನ ಬಿಟ್ಟು ಎರಡನೇ ಸಲ ಹಾಕಲಿಕ್ಕೆ ಬಂದಾಗ ಅಗಸಿಯಲ್ಲಿ ಯಾರೂ ಕೂಗಲಿಲ್ಲ. ಗೌಡಶಾನಿಯ ಮನೆಯಲ್ಲಿ ಹೆಣ್ಣು ಕೂಸು ಹುಟ್ಟಿತ್ತು, ತಾಯಿ ಕೂಸು ಇಬ್ಬರೂ ಆರಾಮ. ಮಂಗಳವಾರದ ಮೇಲೆ ಆ ಓಣಿಯಲ್ಲಿ ಹೊಸದಾಗಿ ಯಾರೂ ಮಲಗಲಿಲ್ಲ ಅಂತ ಅವಳೇ ಹೇಳಿದಳು. ಮೊದಲ ಸಲ ಪಡಸಾಲೆಯಲ್ಲಿ ಚಾಪೆ ಹಾಸಿಸಿ, ಮಜ್ಜಿಗೆ ಕೊಡಿಸಿದಳು.

“ತಳವಾರ ಎಲ್ಲಿರಿ?” ಅಂದೆ.

“ನೀ ಹ್ವಾದ ದಿನ ಮಧ್ಯಾಹ್ನ ಕಾರಿಕೊಂಡ. ಬೆಸ್ತವಾರ ಹ್ವಾದ,” ಅಂದಳು. “ಊರೆಲ್ಲಾ ತಿರಗೂ ಮನಶಾ. ಎಲ್ಲಿ ಕುಡದನೋ ಏನೋ.”

ಅವನು ಎಲ್ಲಿ ಕುಡಿದ ಅನ್ನೋದು ನಾನು ನೋಡಿದ್ದೇನೆ. ಆ ನೀರಿನಿಂದಲೇ ಆಯಿತೋ, ಬೇರೆ ಓಣಿಯ ನೀರಿನಿಂದಲೋ, ಯಾರೂ ಹೇಳಲಾರರು. ಕಂಪೌಂಡರರನ್ನು ಕೇಳಿದ್ದಕ್ಕೆ, ಹೇಳಾಕ ಬರೂದಿಲ್ಲ ಅಂದರು. ಅದು ನಿಜ. ಆದರೆ ಸೋಮವಾರ ಮಧ್ಯಾಹ್ನದಿಂದ ಸಂಜೆಯತನಕ ಬೇರೆಲ್ಲೂ ಹೋಗದೆ, ಬಾಯಾರಿಕೊಂಡು, ನನ್ನ ಮಾತಿನ ಮೇಲೆ ಆ ಮರದ ಕೆಳಗೆ ಕುಳಿತವನು ಅವನು. ನಾನು ಔಷಧ ತಂದಿದ್ದರೂ ಆವತ್ತು ಆ ಬಾವಿಯ ನೀರು ಅವನಿಗೆ ಸಿಗುತ್ತಿರಲಿಲ್ಲ, ಬೆಳಗಿನತನಕ ಯಾರೂ ಸೇದುತ್ತಿರಲಿಲ್ಲ. ತರದೆ ಬಂದೆ, ಸಿಕ್ಕಿತು. ಅವನ ಬೊಗಸೆಗೂ ನನ್ನ ಕೈಯ ಪುಡಿಗೂ ನಡುವೆ ಎಂಟು ಮಾರು.

ಅವನ ಹೆಂಡತಿಯನ್ನು ಕಾಣಲಿಕ್ಕೆ ಹೋದೆ. ಗುಡಿಸಲ ಮುಂದೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. ನನ್ನ ಕೈ ನೋಡಿ ಗುರುತು ಹಿಡಿದಳು.

“ನೀನ ಏನು ಬಣ್ಣಗಾರ? ನಿನ್ನ ಮಾತು ಭಾಳ ಹೇಳತಿದ್ದ. ಆ ಸೋಮವಾರ ನಾ ಹೋಗಿ ಮನಿಗಾದ್ರೂ ಬಂದು ನೀರು ಕುಡದು ಹೋಗು ಅಂದ್ರ, ಇಲ್ಲ, ಅವಾ ಬರತಾನ, ಬಂದು ಹಾಕೂತನಕ ಏಳೂದಿಲ್ಲ ಅಂದ.”

ಹೇಳಬೇಕು ಅಂತಲೇ ಹೋಗಿದ್ದೆ. ಹೇಳಲಿಲ್ಲ. ಅವಳು ಒಳಗೆ ಹೋಗಿ ಚಂಚಿ ತಂದು ಕೊಟ್ಟಳು. “ತಂಬಾಕ ಐತಿ. ನಾ ಹಾಕೂದಿಲ್ಲ,” ಅಂದಳು. ನಾನು ಕೈ ಒಡ್ಡಿದೆ. ಅವಳೂ ಮೇಲಿನಿಂದ ಬಿಡದೆ ಅಂಗೈಗೆ ಒತ್ತಿ ಕೊಟ್ಟಳು.

ಆಮೇಲೆ ಇನ್ನೂ ಆರು ವರ್ಷ ಬಾವಿಗಳಿಗೆ ಔಷಧ ಹಾಕಿದೆ. ಹರಳನ್ನು ಗಾಜಿನ ಬಾಟಲಿ ಬಿಟ್ಟು ಬೇರೆಲ್ಲೂ ಇಡಲಿಲ್ಲ, ಅರೆಯಲಿಲ್ಲ, ಎಣ್ಣೆಯ ಹತ್ತಿರ ಒಯ್ಯಲಿಲ್ಲ. ಕೆಲಸ ಚೊಕ್ಕ ಮಾಡಿದೆ, ಅದನ್ನು ಹೇಳಿಕೊಳ್ಳಲಿಕ್ಕೆ ನಾಚಿಕೆ ಇಲ್ಲ. ಯಾವ ಊರಿಗೆ ಹೋದರೂ ಬಾವಿಗೆ ಕೈ ಹಾಕುವ ಮೊದಲು ಒಂದು ಕೊಡ ನೀರಿಗೆ ಔಷಧ ಹಾಕಿ ಬದಿಗಿಡುತ್ತಿದ್ದೆ. ಯಾರಿಗೆ ಅಂತ ಕೇಳಿದರೆ, ಕಟ್ಟೆ ಏರದೆ ಹೊರಗೆ ಕುಳಿತವರಿಗೆ ಅನ್ನುತ್ತಿದ್ದೆ. ಕೆಲವು ಊರಲ್ಲಿ ಅದಕ್ಕೂ ನಕ್ಕರು.

ಕೈಯ ಬಣ್ಣ ಎಂದೋ ಹೋಯಿತು. ಚಂಚಿ ಇನ್ನೂ ಇದೆ. ತಂಬಾಕು ನಾನೇ ತಿಕ್ಕಿಕೊಳ್ಳುತ್ತೇನೆ. ಎಡಗೈಯಿಂದ ಬಲಗೈಗೆ ಹಾಕಿಕೊಳ್ಳುತ್ತೇನೆ.